ಕಿದ್ವಾಯಿ ನಗರದ ಈರುಳ್ಳಿ ಹೂವು

ಮನೆಯ ಬಾಗಿಲ ಮುಂದೆ ನಿಂತು, ಕರೆಗಂಟೆ ಒತ್ತುವ ಮೊದಲು ಬಲಗೈಯ ಬೆರಳುಗಳನ್ನು ಒಮ್ಮೆ ಮೂಸಿ ನೋಡುವುದು ನನಗೆ ಅಂಟಿಕೊಂಡಿರುವ ಹಳೆಯ ಚಟ. ಒಳಗೆ ನನ್ನನ್ನು ತಪಾಸಣೆ ಮಾಡುವವರು ಈಗ ಯಾರೂ ಇಲ್ಲ. ನಾನೇ ಬೀಗ ತೆಗೆದು ಒಳಗೆ ಹೋಗುವ ದಿನಗಳಲ್ಲೂ ಮೂಸುತ್ತೇನೆ. ಮೆಟ್ಟಿಲು ಹತ್ತಿ ಬರುವ ನೆರೆಯವರು, ಈ ಮನುಷ್ಯ ತನ್ನ ಕೈಗೆ ತಾನೇ ಮುತ್ತು ಕೊಟ್ಟುಕೊಳ್ಳುತ್ತಿದ್ದಾನೆ ಎಂದುಕೊಂಡು ಮರ್ಯಾದೆಗೆ ಬೇರೆ ಕಡೆ ಮುಖ ತಿರುಗಿಸಿದ್ದೂ ಉಂಟು. ಮೊನ್ನೆ ಹಾಗೆ ಮೂಸಿದಾಗ ಮಧ್ಯಾಹ್ನದ ಸಲಾಡಿನ ಈರುಳ್ಳಿ ವಾಸನೆ ಬೆರಳಿನಲ್ಲಿ ಸಣ್ಣಗೆ ಉಳಿದಿತ್ತು. ಹೆದರುವ ಬದಲು ನಗು ಬಂತು. ನಗುತ್ತ ನಿಂತವನಿಗೆ ಕಿದ್ವಾಯಿ ನಗರದ ಆ ರಾಮನವಮಿ ನೆನಪಾಯಿತು. ನೆನಪಾದದ್ದನ್ನು ಹೇಳದೆ ಬಿಡುವ ಸ್ವಭಾವ ನನ್ನದಲ್ಲ, ನಿಮಗೆ ಗೊತ್ತೇ ಇದೆ.

ಚಟದ ಮೂಲ ಮಾತ್ರ ನಂಜನಗೂಡಿನಲ್ಲಿದೆ. ನಮ್ಮದು ಈರುಳ್ಳಿ ಬೆಳ್ಳುಳ್ಳಿ ಹೊಸಿಲು ದಾಟದ ಮನೆ. ತಿನ್ನುವ ಮಾತು ಹಾಗಿರಲಿ, ಅವುಗಳ ಹೆಸರನ್ನು ಕೂಡ ಅಡುಗೆಮನೆಯಲ್ಲಿ ಎತ್ತುವಂತಿರಲಿಲ್ಲ. ಅಮ್ಮ 'ಅದು' ಎನ್ನುತ್ತಿದ್ದಳು. "ಅವರ ಮನೇಲಿ ಊಟಕ್ಕೆ ಕೂತ್ಕೋಬೇಡ, ಹುಳಿಗೆ ಅದು ಹಾಕ್ತಾರೆ." ಬರೀ 'ಅದು' ಎಂದರೆ ಈರುಳ್ಳಿ. ಧ್ವನಿ ತಗ್ಗಿಸಿ, ಆಚೀಚೆ ನೋಡಿ ಹೇಳಿದ 'ಅದು' ಎಂದರೆ ಬೆಳ್ಳುಳ್ಳಿ. ಹೀಗಾಗಿ ನಾನು ಶಾಲೆಗೆ ಹೋಗುವವರೆಗೂ ಇವೆರಡೂ ಯಾವುದೋ ಕೆಟ್ಟ ಕಾಯಿಲೆಗಳು ಎಂದೇ ತಿಳಿದಿದ್ದೆ.

ಅಮ್ಮನಿಗೆ ದೇವರು ಕೊಟ್ಟಿದ್ದ ಮೂಗು ಸಾಮಾನ್ಯದ್ದಲ್ಲ. ಬೀದಿಯ ಆ ತುದಿಯಲ್ಲಿ ಯಾರಾದರೂ ಒಗ್ಗರಣೆ ಹಾಕಿದರೆ ಈ ತುದಿಯಲ್ಲಿ ಕೂತು "ಮೆಣಸಿನಕಾಯಿ ಹೊತ್ತಿಸಿಬಿಟ್ಟಳು" ಎನ್ನುತ್ತಿದ್ದಳು. ಒಂದು ಸಲ ಅಪ್ಪ ನನ್ನನ್ನು ಮೈಸೂರಿಗೆ ದಸರಾ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಚುರುಮುರಿಯವನು ಈರುಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಹೆಚ್ಚಿ ಉದುರಿಸುತ್ತಿದ್ದ. ಅಪ್ಪ ಏನೂ ಗೊತ್ತಿಲ್ಲದವರ ಹಾಗೆ ಎರಡು ಪೊಟ್ಟಣ ಕಟ್ಟಿಸಿದರು. ನನ್ನ ಜೀವನದ ಮೊದಲ ಈರುಳ್ಳಿ ಅದು. ಕರಂ ಎಂದ ಆ ಚೂರಿನ ರುಚಿಗೆ ನಾನು ಅವತ್ತೇ ಸೋತುಹೋದೆ. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಜೇಬಿನಿಂದ ಏಲಕ್ಕಿ ತೆಗೆದು ತಾವು ಅಗಿದರು, ನನಗೆ ಕೊಡುವುದನ್ನು ಮರೆತರು. ಬಾಗಿಲಲ್ಲಿ ಅಮ್ಮ ನನ್ನ ಬಲಗೈ ಬೆರಳು ಹಿಡಿದು ಮೂಸಿ, "ಆ ಅನ್ನು" ಎಂದಳು. ಅಂದೆ. ಆಮೇಲೆ ನಡೆದದ್ದನ್ನು ವಿವರಿಸುವುದು ಬೇಡ. ಏಲಕ್ಕಿ ಘಮಘಮಿಸುತ್ತಿದ್ದ ಅಪ್ಪನೂ ಅಮ್ಮನ ಜೊತೆ ಸೇರಿಕೊಂಡು "ಎಲ್ಲಿ ತಿಂದೆಯೋ ಅದನ್ನ?" ಎಂದು ಗದರಿದರಲ್ಲ, ಆ ನಟನೆಯನ್ನು ಇವತ್ತಿಗೂ ಮೆಚ್ಚುತ್ತೇನೆ.

ಇಂಥವನು ಕೇಂದ್ರ ಸರ್ಕಾರದ ಗುಮಾಸ್ತನಾಗಿ ಬಂದು ಬಿದ್ದದ್ದು ದೆಹಲಿಗೆ. ಇಲ್ಲಿ ಈರುಳ್ಳಿ ಇಲ್ಲದೆ ಒಗ್ಗರಣೆ ಚುರ್ ಎನ್ನುವುದಿಲ್ಲ. ಆಫೀಸಿನ ಗೆಳೆಯರು ಢಾಬಾದಲ್ಲಿ ಗಡ್ಡೆಯನ್ನು ಮೇಜಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ, ಸಿಪ್ಪೆ ಕಿತ್ತು, ಹಸಿಯಾಗಿಯೇ ರೊಟ್ಟಿಯ ಜೊತೆ ಕಡಿಯುತ್ತಿದ್ದರು. ಮೊದಲ ವಾರ ನಾನು ಕುರ್ಚಿ ಹಿಂದೆ ಸರಿಸಿ ಕೂತೆ. ಎರಡನೆಯ ವಾರ ಹತ್ತಿರಕ್ಕೆ ಎಳೆದುಕೊಂಡೆ. ಮೂರನೆಯ ವಾರದ ಹೊತ್ತಿಗೆ ಗುದ್ದುವುದರಲ್ಲಿ ನನ್ನ ಕೈ ಪಳಗಿತ್ತು. ಮದುವೆಯಾಗಿ ವಸುಧಾ ಬಂದಳು. ಅವಳೂ ನಮ್ಮಂಥದೇ ಮನೆಯವಳು, ಆದರೆ ವ್ಯವಹಾರ ಬಲ್ಲವಳು. ಈರುಳ್ಳಿಗೆಂದೇ ಒಂದು ಬಾಣಲೆ, ಒಂದು ಚಾಕು, ಒಂದು ಬುಟ್ಟಿ ಬೇರೆ ಮಾಡಿದಳು. ವರ್ಷಕ್ಕೊಮ್ಮೆ ಅಮ್ಮ ಬರುವ ದಿನ ಗೊತ್ತಾದ ಕೂಡಲೇ ಈ ಮೂರೂ ಕೆಳಗಿನ ಮನೆಯ ಪಂಜಾಬಿ ಆಂಟಿಯ ಹತ್ತಿರಕ್ಕೆ ವಲಸೆ ಹೋಗುತ್ತಿದ್ದವು. "ಮಾತಾಜಿ ಆ ರಹೀ ಹೈಂ ಕ್ಯಾ?" ಎಂದು ಆಂಟಿ ಬುಟ್ಟಿ ನೋಡಿಯೇ ಕೇಳುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ದೆಹಲಿಯ ಚಳಿ ಇಳಿದ ಮೇಲೆ ಬಂದು, ಸೆಕೆ ಕೆಂಡವಾಗುವ ಮೊದಲು ಹೊರಟುಬಿಡುವಳು. ಬರುತ್ತಿದ್ದದ್ದು ನನಗಾಗಿ ಅಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬರುತ್ತಿದ್ದದ್ದು ನಿಧಿಗಾಗಿ. ನಿಧಿ ನಮ್ಮ ಒಬ್ಬಳೇ ಮಗಳು, ಆಗ ಅವಳಿಗೆ ಎಂಟು ವರ್ಷ.

ತೊಂದರೆ ಇದ್ದದ್ದು ಇಲ್ಲೇ. ನಿಧಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುವಳು. ಒಮ್ಮೆ ಯಾವುದೋ ಮದುವೆ ಮನೆಯಲ್ಲಿ ಅವಳ ಕನ್ನಡ ಕೇಳಿ ಹುಡುಗರು ನಕ್ಕಿದ್ದರಂತೆ. ಅಂದಿನಿಂದ ಕನ್ನಡಕ್ಕೆ ಬಾಯಿ ಹೊಲಿದುಕೊಂಡುಬಿಟ್ಟಳು. ಅಮ್ಮನಿಗೋ ಹಿಂದಿಯಲ್ಲಿ 'ಪಾನಿ'ಯ ಆಚೆಗೆ ಏನೂ ತಿಳಿಯದು. ಹೀಗಾಗಿ ಅಜ್ಜಿ ಮೊಮ್ಮಗಳ ನಡುವೆ ನಾನು ಕುಳಿತು ಅನುವಾದ ಮಾಡಬೇಕಿತ್ತು. ಅಮ್ಮ ಕತೆ ಹೇಳುವಳು, ನಿಧಿ ಕಣ್ಣರಳಿಸಿ ಕೇಳಿ ಏನೋ ಪ್ರಶ್ನೆ ಹಾಕುವಳು, ಅಮ್ಮ ನನ್ನ ಮುಖ ನೋಡುವಳು. ನಾನು ಆಫೀಸಿಗೆ, ವಸುಧಾ ಅಡುಗೆಮನೆಗೆ ಹೋದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಹಿಂದಿನ ವರ್ಷ ಹೊರಡುವಾಗ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಅಮ್ಮ ಒಂದು ಮಾತು ಅಂದಿದ್ದಳು. "ನನ್ನ ಮೊಮ್ಮಗಳ ಹತ್ರ ಮಾತಾಡೋಕೆ ನನಗೆ ನಿನ್ನ ಸಹಾಯ ಬೇಕಾಯ್ತಲ್ಲೋ." ಕೋಪದಿಂದ ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಗುತ್ತಲೇ ಅಂದಳು, ಅದಕ್ಕೇ ಅದು ನನಗೆ ಬಹಳ ದಿನ ಚುಚ್ಚಿತು.

ನಿಧಿಯನ್ನು ಭಾನುವಾರದ ಕನ್ನಡ ತರಗತಿಗೆ ಸೇರಿಸಿದ್ದು ಆ ಚುಚ್ಚಿನಿಂದಲೇ. ತರಗತಿ ಎಂದರೆ ದೊಡ್ಡದೇನೂ ಅಲ್ಲ. ಮುನಿರ್ಕಾ, ಹೌಜ್ ಖಾಸ್, ಕಿದ್ವಾಯಿ ನಗರದ ಹತ್ತು ಹನ್ನೆರಡು ಮಕ್ಕಳು, ನಮ್ಮ ಕ್ವಾರ್ಟರ್ಸಿನ ಮುಂದಿನ ಪಾರ್ಕಿನ ಬೇವಿನ ಮರ, ಕೆಳಗೆ ಎರಡು ಜಮಖಾನೆ. ನಡೆಸುತ್ತಿದ್ದವರು ಮುತ್ತಮ್ಮನವರು. ಕೊಡಗಿನವರು, ಗಂಡ ಸೈನ್ಯದಲ್ಲಿದ್ದು ನಿವೃತ್ತರಾದವರು. ಗಂಡನಿಗಿಂತ ಹೆಂಡತಿಯೇ ಹೆಚ್ಚು ಕವಾಯತು ಮಾಡಿಸಿದವರ ಹಾಗೆ ಕಾಣುತ್ತಿದ್ದರು. "ಅ ಆ ಇ ಈ ಸಾಕು ಮಾಡೋಣ," ಎಂದರು ಒಂದು ಭಾನುವಾರ. "ಮಕ್ಕಳು ಕೈಯಲ್ಲಿ ಏನಾದ್ರೂ ಹಿಡಿದ್ರೆ ಮಾತು ತಾನಾಗೇ ಬರುತ್ತೆ. ಒಬ್ಬೊಬ್ಬ ಅಪ್ಪ, ಒಬ್ಬೊಬ್ಬ ಅಮ್ಮ ಒಂದೊಂದು ವಿಷಯ ತಗೊಳ್ಳಿ. ನಿಮಗೆ ಈರುಳ್ಳಿ ಬೆಳ್ಳುಳ್ಳಿ ಕುಟುಂಬ." ಕೊನೆಯ ವಾಕ್ಯ ನನಗೆ. ನನ್ನ ಮನೆತನದ ವಿಷಯ ಅವರಿಗೆ ಗೊತ್ತಿತ್ತು, ತುಟಿಯಂಚಿನಲ್ಲಿ ನಗು ಕೂಡ ಇತ್ತು.

ಗುದ್ದುವುದು ಗೊತ್ತಿದ್ದ ನನಗೆ ಆ ಕುಟುಂಬದ ಬೇರೇನೂ ಗೊತ್ತಿರಲಿಲ್ಲ. ಮಕ್ಕಳ ವಿಶ್ವಕೋಶ ಒಂದನ್ನು ಎರವಲು ತಂದು ರಾತ್ರಿಯೆಲ್ಲ ಪರೀಕ್ಷೆಗೆ ಕೂತವನ ಹಾಗೆ ಓದಿದೆ. ಐಎನ್‌ಎ ಮಾರ್ಕೆಟ್ಟಿಗೆ ಹೋಗಿ ಕೆಂಪು ಈರುಳ್ಳಿ, ಬಿಳಿ ಈರುಳ್ಳಿ, ಸಾಂಬಾರ್ ಈರುಳ್ಳಿ, ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ, ವಿದೇಶೀ ತರಕಾರಿ ಮಾರುವ ಭಯ್ಯಾನ ಹತ್ತಿರ ದಪ್ಪ ದಂಟಿನ ಲೀಕ್, ಹುಲ್ಲಿನಂತಿದ್ದ ಚೈವ್ ಎಲ್ಲ ತಂದೆ. "ಸಾಹಬ್, ಹೋಟೆಲ್ ಖೋಲಾ ಹೈ ಕ್ಯಾ?" ಎಂದ ಭಯ್ಯಾ. ಮೂರು ಚೀಲ ಹಿಡಿದು ಆಟೋದಲ್ಲಿ ಬರುವಾಗ, ನಂಜನಗೂಡಿನ ನಮ್ಮ ಬೀದಿಯವರು ಯಾರಾದರೂ ಎದುರಿಗೆ ಸಿಕ್ಕಿಬಿಟ್ಟರೆ ಎಂದು ಸುಮ್ಮಸುಮ್ಮನೆ ಗಾಬರಿಯಾಯಿತು.

ಜಮಖಾನೆಯ ಮೇಲೆ ಎಲ್ಲವನ್ನೂ ಹರಡಿದೆ. ಮಕ್ಕಳು ಸುತ್ತ ಕೂತವು.

"ಅಂಕಲ್, ಯೇ ತೋ ಪ್ಯಾಜ್ ಹೈ," ಎಂದ ಪ್ರಜ್ವಲ್. ಅವನ ತಂದೆ ಕುಂದಾಪುರದ ಕಡೆಯವರು, ಮುನಿರ್ಕಾದಲ್ಲಿ ದೋಸೆ ಹೋಟೆಲು. ಅವನಿಗೆ ಈರುಳ್ಳಿ ಎಂದರೆ ಮೂಟೆ ಲೆಕ್ಕ.

"ಕನ್ನಡದಲ್ಲಿ ಹೇಳು."

"ಆನಿಯನ್."

ಮುತ್ತಮ್ಮನವರು ಹಣೆ ಚಚ್ಚಿಕೊಂಡರು. ನಾನು ಪಾಠದ ದಾರಿ ಬದಲಾಯಿಸಿದೆ. ಇವೆಲ್ಲ ಒಂದೇ ಮನೆಯವರು, ಮುಖ ನೋಡಿದರೆ ತಿಳಿಯುವುದಿಲ್ಲ, ಎಲೆ ಮುರಿದು ಮೂಸಿ ನೋಡಿ ಎಂದೆ. ಒಂದೊಂದು ಮೂಗೂ ಒಂದೊಂದು ಎಲೆಗೆ ಹತ್ತಿಕೊಂಡಿತು. ದೆಹಲಿಯ ಮಕ್ಕಳಿಗೆ ಅಪ್ಪನ ಅಣ್ಣನೂ ಅಂಕಲ್, ಹಾಲಿನವನೂ ಅಂಕಲ್. ಆದ್ದರಿಂದ ಸಂಬಂಧದ ಹೆಸರುಗಳನ್ನೂ ಇವರ ಮೂಲಕವೇ ಕಲಿಸಿಬಿಡೋಣ ಎಂದು ಹೊಳೆಯಿತು. ಈರುಳ್ಳಿ ದೊಡ್ಡಪ್ಪ. ಮೇಲೆ ಮೇಲೆ ಕೋಟು ಹಾಕಿಕೊಂಡು ಕೂತವರು. ಬೆಳ್ಳುಳ್ಳಿ ಚಿಕ್ಕಪ್ಪ, ಒಂದೇ ಕಂಬಳಿಯಲ್ಲಿ ಹತ್ತು ಮಕ್ಕಳನ್ನು ಮಲಗಿಸಿಕೊಂಡವರು. ಲೀಕ್ ಎಂದರೆ ಫಾರಿನ್ನಿನಿಂದ ಬಂದ ಸೋದರಮಾವ. ಸಾಂಬಾರ್ ಈರುಳ್ಳಿ ಅತ್ತೆಯ ಮಗಳು. ಚೈವ್ ಪಾಪು, ಇನ್ನೂ ಕೂದಲು ಕತ್ತರಿಸಿಲ್ಲ. ಮಕ್ಕಳಿಗೆ ಖುಷಿಯೋ ಖುಷಿ. "ದೊಡ್ಡಪ್ಪ ಕೋ ಕಾಟೋ!" ಎಂದು ಪ್ರಜ್ವಲ್ ಚಾಕು ಕೇಳಿದ. ಕತ್ತರಿಸಿದ್ದೂ ಆಯಿತು, ಇಡೀ ತರಗತಿ ಕಣ್ಣೊರೆಸಿಕೊಂಡದ್ದೂ ಆಯಿತು. ಪಾರ್ಕಿನಲ್ಲಿ ಇಸ್ಪೀಟು ಆಡುತ್ತಿದ್ದ ತಾತಂದಿರು, ಕನ್ನಡ ಕಲಿಯುವುದು ಇಷ್ಟು ಕಷ್ಟವೇ ಎಂದು ಕನಿಕರದಿಂದ ನಮ್ಮ ಕಡೆ ನೋಡಿದರು.

ಆಗ ನಿಧಿ ಮೆಲ್ಲಗೆ ನನ್ನ ತೋಳು ಎಳೆದಳು. "ಪಾಪಾ, ಔರ್ ಅಜ್ಜಿ ಕೌನ್ ಹೈ?"

ಹಳೆಯ ಪುಸ್ತಕಗಳಲ್ಲಿ ಇವರನ್ನೆಲ್ಲ ಲಿಲ್ಲಿ ಹೂವಿನ ಕುಟುಂಬಕ್ಕೆ ಸೇರಿಸಿದ್ದರು ಎಂದು ವಿಶ್ವಕೋಶದಲ್ಲಿ ಓದಿದ್ದೆ. "ಲಿಲ್ಲಿ ಅಜ್ಜಿ," ಎಂದೆ. ಅವಳಿಗೆ ಅದು ಒಪ್ಪಿಗೆಯಾಯಿತು.

ಕೊನೆಗೆ ಮುತ್ತಮ್ಮನವರು ಪ್ರತಿ ಮಗುವಿಗೂ ಒಂದೊಂದು ಗಡ್ಡೆಯನ್ನೋ ಬೆಳ್ಳುಳ್ಳಿ ಎಸಳನ್ನೋ ಕೊಟ್ಟರು. ಕುಂಡದಲ್ಲಿ ನೆಡಬೇಕು, ಬೇಸಿಗೆ ಶುರುವಿಗೆ ಎಲ್ಲರ ತಂದೆತಾಯಿಗಳ ಮುಂದೆ ಅದರ ಕತೆಯನ್ನು ಕನ್ನಡದಲ್ಲೇ ಹೇಳಬೇಕು. ನಿಧಿಯ ಪಾಲಿಗೆ ಬಂದದ್ದು ಆಗಲೇ ಮೊಳಕೆ ಇಣುಕುತ್ತಿದ್ದ ಒಂದು ಕೆಂಪು ಈರುಳ್ಳಿ. ಮನೆಗೆ ಬರುವವರೆಗೂ ಅದನ್ನು ಸ್ವೆಟರಿನೊಳಗೆ ಇಟ್ಟುಕೊಂಡೇ ಬಂದಳು.

ದೆಹಲಿಯ ಚಳಿಗಾಲದಲ್ಲಿ ಬಾಲ್ಕನಿಗೆ ಬೀಳುವ ಬಿಸಿಲಿಗೆ ಮನೆಯಲ್ಲಿ ಜಗಳವೇ ಆಗುತ್ತದೆ. ಹಪ್ಪಳ, ಒದ್ದೆ ಬಟ್ಟೆ, ಕಡಲೆಕಾಯಿ ಸುಲಿಯುವ ನಾನು, ಕೂದಲು ಒಣಗಿಸುವ ವಸುಧಾ. ಆ ವರ್ಷ ಎಲ್ಲರನ್ನೂ ಹಿಂದೆ ತಳ್ಳಿ ನಿಧಿಯ ಕುಂಡ ಮುಂದೆ ಕೂತಿತು. ಬೇರೆ ಮಕ್ಕಳ ಸಮಾಚಾರ ಅಷ್ಟು ಚೆನ್ನಾಗಿರಲಿಲ್ಲ. ಕೆಲವರದು ನೀರು ಹೆಚ್ಚಾಗಿ ಕೊಳೆಯಿತು. ಹೌಜ್ ಖಾಸಿನ ಹುಡುಗಿಯೊಬ್ಬಳ ಕುಂಡವನ್ನು ಮಂಗ ಕಿತ್ತುಕೊಂಡು ಹೋಗಿ, ಕಚ್ಚಿ ನೋಡಿ, ಸಿಟ್ಟಿನಿಂದ ಕೆಳಗೆ ಎಸೆಯಿತಂತೆ. ಇನ್ನೊಬ್ಬನ ಈರುಳ್ಳಿಯನ್ನು ಅವನ ತಾಯಿ, ನೆಂಟರು ಬಂದ ದಿನ ಮಣ್ಣಿನಿಂದ ಎತ್ತಿ ತೊಳೆದು ಪಲ್ಯಕ್ಕೆ ಹಾಕಿದರು. ನಿಧಿಯದು ಮಾತ್ರ ಕೊಳವೆಯಂಥ ಹಸಿರು ಎಲೆ ಬಿಟ್ಟುಕೊಂಡು ಎತ್ತರಕ್ಕೆ ಬೆಳೆಯಿತು. ಚಳಿ ಇಳಿಯುತ್ತಿದ್ದಂತೆ ನಡುವಿನಿಂದ ಒಂದು ದಂಟು ಎದ್ದಿತು, ಅದರ ತುದಿಯಲ್ಲಿ ತೆಳ್ಳನೆಯ ಕಾಗದದಂಥ ಪೊರೆಯೊಳಗೆ ಏನೋ ಕೂತಿತ್ತು. ನಾನಾಗಲಿ ವಸುಧಾ ಆಗಲಿ ಅಂಥದ್ದನ್ನು ಎಂದೂ ಕಂಡವರಲ್ಲ. ನಮ್ಮ ಮಟ್ಟಿಗೆ ಈರುಳ್ಳಿ ಎಂದರೆ ಗಾಡಿಯಲ್ಲಿ ಬರುವ ಗಡ್ಡೆ, ಅದೂ ಒಂದು ಗಿಡ, ಅದಕ್ಕೂ ಹೂವು ಬರುತ್ತದೆ ಎಂದು ಯೋಚಿಸಿದವರಾರು?

ಅಷ್ಟರಲ್ಲಿ ಅಮ್ಮ ಬರುವ ದಿನ ಬಂತು. ಬುಟ್ಟಿ, ಬಾಣಲೆ, ಚಾಕು ಕೆಳಗಿನ ಮನೆಗೆ ಇಳಿದವು. ವಸುಧಾ ಕುಂಡಕ್ಕೂ ಕೈ ಹಾಕಿದಳು. ನಿಧಿ ಅದನ್ನು ತಬ್ಬಿಕೊಂಡು ಕೂತುಬಿಟ್ಟಳು. "ಇದು ತಿನ್ನೋದಲ್ಲವಲ್ಲ, ಗಿಡ ತಾನೇ, ಇರಲಿ ಬಿಡು," ಎಂದು ನಾನೇ ರಾಜಿ ಮಾಡಿಸಿದೆ. ಅಮ್ಮ ಬಂದ ಮರುದಿನ ಬಾಲ್ಕನಿಗೆ ಹೋಗಿ, "ಯಾವ ಗಿಡವೇ ಇದು, ಪುಟ್ಟಿ?" ಎಂದು ಕೇಳಿದಳು. ನಿಧಿ ಹೆಮ್ಮೆಯಿಂದ "ಲಿಲಿ ಕೀ ಫ್ಯಾಮಿಲಿ ಕಾ ಹೈ" ಎಂದಳು. ಅಮ್ಮ ನನ್ನ ಮುಖ ನೋಡಿದಳು. "ಲಿಲ್ಲಿ ಕುಟುಂಬದ್ದಂತೆ," ಎಂದು ಅನುವಾದಿಸಿದೆ. ಅನುವಾದದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅಮ್ಮ ಆ ದಿನದಿಂದ ತಾನೂ ಅದಕ್ಕೆ ಒಂದು ಚೊಂಬು ನೀರು ಹಾಕತೊಡಗಿದಳು.

ಯುಗಾದಿಯ ಹೊತ್ತಿಗೆ ಪೊರೆ ಸೀಳಿತು. ಪ್ರತಿದಿನ ಶಾಲೆಯಿಂದ ಬಂದವಳೇ ನಿಧಿ ಚೀಲ ಎಸೆದು ಬಾಲ್ಕನಿಗೆ ಓಡುವಳು. ಒಳಗಿನಿಂದ ಒಂದೊಂದಾಗಿ ಪುಟ್ಟ ಬಿಳಿ ನಕ್ಷತ್ರಗಳು ಅರಳಿ, ನಡುವೆ ತೆಳುವಾದ ಹಸಿರು ಗೆರೆ, ಎಲ್ಲ ಸೇರಿ ಒಂದು ಬಿಳಿಯ ಚೆಂಡಾಯಿತು. ಜೇನುನೊಣಗಳು ಅದನ್ನು ಬಿಟ್ಟು ಏಳುತ್ತಿರಲಿಲ್ಲ. ನಿಜಕ್ಕೂ ಅಷ್ಟು ಚೆಂದದ ಹೂವು. ಒಂದು ಸಂಜೆ ನಿಧಿ ಕುಂಡದ ಮುಂದೆ ಕೂತು ಏನೋ ಗೊಣಗುತ್ತಿದ್ದಳು. ಕಿವಿಗೊಟ್ಟರೆ ಕನ್ನಡ! "ಇದು ನನ್ನ ಗಿಡ. ಇದು ನನ್ನ ಹೂವು." ಸಭೆಗೆ ಅಭ್ಯಾಸ ಮಾಡುತ್ತಿದ್ದಳು. ಉಳಿದ ಯಾರ ಕುಂಡದಲ್ಲೂ ಹೂವಿಲ್ಲ, ತನ್ನದರಲ್ಲಿ ಮಾತ್ರ ಇದೆ ಎಂಬ ಧೈರ್ಯ ಅವಳ ಬಾಯಿ ಬಿಡಿಸಿತ್ತು. ನಾನು ಸದ್ದಾಗದಂತೆ ಹಿಂದೆ ಸರಿದೆ. ವಸುಧಾಳಿಗೆ ಹೇಳಿದಾಗ ಅವಳ ಕಣ್ಣಲ್ಲಿ ನೀರು ಬಂತು. ಅದು ಹೆಚ್ಚಿದ ಈರುಳ್ಳಿಯ ನೀರಲ್ಲ, ಮನೆಯಲ್ಲಿ ಅಮ್ಮ ಇದ್ದಳಲ್ಲ.

ಆ ವರ್ಷ ರಾಮನವಮಿ ಭಾನುವಾರವೇ ಬಂತು. ಮುತ್ತಮ್ಮನವರು ಸಭೆಯನ್ನೂ ಅವತ್ತೇ ಸಂಜೆ ಇಟ್ಟರು. ಪಾನಕ, ಕೋಸಂಬರಿಯ ಜವಾಬ್ದಾರಿ ನಮ್ಮ ಮನೆಯದು, ಅಂದರೆ ಅಮ್ಮನದು. ದೆಹಲಿಯಲ್ಲಿ ರಾಮನವಮಿಗೆ ಮುಗಿಯುವ ಹಾಗೆ ಒಂಬತ್ತು ದಿನ ಚೈತ್ರದ ನವರಾತ್ರಿ. ಒಗ್ಗರಣೆಗೆ ಈರುಳ್ಳಿ ಹಾಕಿ ಚುರ್ ಎನ್ನಿಸದೆ ದಿನ ಕಳೆಯದ ಊರು ಆ ದಿನಗಳಲ್ಲಿ ಅದನ್ನೂ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಇಡೀ ಕಾಲೊನಿ ನಮ್ಮ ನಂಜನಗೂಡಿನ ಮನೆಯ ಹಾಗೆ ಆಗಿಬಿಡುತ್ತಿತ್ತು. ಅಮ್ಮನಿಗೆ ಅದೊಂದು ದೊಡ್ಡ ಸಮಾಧಾನ. "ಈ ಊರಿನವರು ಅಷ್ಟೇನೂ ಕೆಟ್ಟವರಲ್ಲ ಕಣೋ," ಎನ್ನುತ್ತಿದ್ದಳು. ಅವಳಿಗೆ ಮಾತ್ರ ಆ ವಾರ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಹೊಸದಾಗಿ ಹಾಕಿದ ಕೂಲರಿನ ಗಾಳಿಗೆ ನೆಗಡಿಯಾಗಿ ಮೂಗು ಪೂರ್ತಿ ಕಟ್ಟಿತ್ತು. ಇಂಗು ಘಂ ಎನ್ನುತ್ತಿಲ್ಲ ಎಂದು ಸಾರಿಗೆ ಮೇಲಿಂದ ಮೇಲೆ ಹಾಕುತ್ತಿದ್ದಳು, ನಾವು ಮೂವರೂ ಇಂಗಿನ ಡಬ್ಬಿಗಳ ಹಾಗೆ ಓಡಾಡುತ್ತಿದ್ದೆವು.

ಬೆಳಿಗ್ಗೆ ನಿಧಿಯನ್ನು ಕೆಳಗಿನ ಆಂಟಿ ಕಂಜಕ್ಕಿಗೆ ಕರೆದೊಯ್ದರು. ಚಿಕ್ಕ ಹೆಣ್ಣುಮಕ್ಕಳನ್ನು ಕೂರಿಸಿ, ಕಾಲು ತೊಳೆದು, ಹಲ್ವಾ ಪೂರಿ ಬಡಿಸುವ ಇಲ್ಲಿಯ ಪದ್ಧತಿ. ನಾನು ಕೋಸಂಬರಿಗೆ ಸೌತೆಕಾಯಿ ತರಲು ಹೋಗಿದ್ದೆ. ವಸುಧಾ ಬೆಲ್ಲ ಕುಟ್ಟುತ್ತಿದ್ದಳು. ನಾನು ವಾಪಸು ಬಂದಾಗ ಮನೆಯಲ್ಲಿ ಊದುಬತ್ತಿಯ ಹೊಗೆ, ಅಮ್ಮನ ಸ್ತೋತ್ರ. ಗೋಡೆಗೆ ಹಾಕಿದ ರಾಮನ ಪಟದ ಕಡೆ ಕೈ ಮುಗಿಯಲು ಹೋದವನು ಕೈ ಹಾಗೇ ನಿಲ್ಲಿಸಿದೆ. ಪಟದ ಮೇಲೆ, ರಾಮನ ಕಿರೀಟಕ್ಕೆ ಸರಿಯಾಗಿ, ಆ ಬಿಳಿಯ ಚೆಂಡು ಕೂತಿತ್ತು.

"ಎಷ್ಟು ಒಪ್ಪಿದೆ ನೋಡೋ," ಎಂದಳು ಅಮ್ಮ. "ಈ ಊರಲ್ಲಿ ಗಾಡಿಯವನು ತರೋ ಚೆಂಡುಹೂವು ಬಿಟ್ರೆ ಒಂದು ಬಿಳಿ ಹೂವು ಕಂಡಿರ್ಲಿಲ್ಲ. ಮೊಮ್ಮಗಳು ಬೆಳೆಸಿದ ಹೂವು ರಾಮನಿಗೇ ಸೇರಿತು."

ನಾನು ವಸುಧಾಳನ್ನು ನೋಡಿದೆ, ವಸುಧಾ ನನ್ನನ್ನು ನೋಡಿದಳು. ಊರಿಗೆ ಊರೇ ಈರುಳ್ಳಿ ಬಿಟ್ಟಿದ್ದ ದಿನ, ಇಡೀ ದೆಹಲಿಯಲ್ಲಿ ದೇವರ ತಲೆಯ ಮೇಲೆ ಈರುಳ್ಳಿ ಏರಿದ್ದು ಬಹುಶಃ ನಮ್ಮ ಒಂದೇ ಮನೆಯಲ್ಲಿ. ಏರಿಸಿದವಳು ಹುಟ್ಟಿದಾಗಿನಿಂದ ಅದರ ಹೆಸರನ್ನೂ ಬಾಯಲ್ಲಿ ತಾರದವಳು. ಈರುಳ್ಳಿ ತಿನ್ನುವ ಮನೆಯ ಯಾವ ಅಜ್ಜಿಗೂ ಈ ತಪ್ಪು ಆಗುತ್ತಿರಲಿಲ್ಲ, ಎಲೆ ನೋಡಿಯೇ ಗುರುತು ಹಿಡಿಯುತ್ತಿದ್ದಳು. ನಗಬೇಕೋ ಅಳಬೇಕೋ ತಿಳಿಯದೆ ಸೌತೆಕಾಯಿ ಹಿಡಿದು ನಿಂತೆ.

ನಿಧಿ ಹಣೆಗೆ ಕುಂಕುಮ, ಕೈಗೆ ಕೆಂಪು ದಾರ ಕಟ್ಟಿಸಿಕೊಂಡು ಕುಣಿಯುತ್ತ ಬಂದಳು. ನೇರ ಬಾಲ್ಕನಿಗೆ ಹೋದಳು. ಅಲ್ಲಿಂದಲೇ "ಪಾಪಾ! ಮೇರಾ ಫೂಲ್!" ಎಂದು ಕೂಗಿದಳು. ಅಮ್ಮ ಸಂತೋಷದಿಂದ ಪಟ ತೋರಿಸಿದಳು. ನಿಧಿ ಪಟ ನೋಡಿದಳು, ಅಜ್ಜಿಯನ್ನು ನೋಡಿದಳು, ಬಾಯಿ ತೆರೆದಳು. ವಸುಧಾ ಅವಳನ್ನು ಎತ್ತಿಕೊಂಡು ಒಳಗೆ ಓಡಿದಳು.

"ಅಜ್ಜಿಗೆ ಹೇಳಬಾರದು ಕಂದ. ಅದು ಈರುಳ್ಳಿ ಅಂತ ಗೊತ್ತಾದ್ರೆ ಅಜ್ಜಿ ತುಂಬ ನೊಂದ್ಕೋತಾರೆ."

"ತೋ ಮೈಂ ಶಾಮ್ ಕೋ ಕ್ಯಾ ಬೋಲೂಂಗಿ?" ಹಾಗಾದರೆ ಸಂಜೆ ಸಭೆಯಲ್ಲಿ ಏನು ಹೇಳಲಿ ಎಂದು ನಿಧಿ ಬಿಕ್ಕುತ್ತಿದ್ದಳು. "ನಹೀಂ ಬೋಲೂಂಗಿ. ಕುಛ್ ನಹೀಂ ಬೋಲೂಂಗಿ."

ಹೂವೊಂದು ಹೋದರೆ ಹೋಗಲಿ, ಆ ಹೂವಿನ ಜೊತೆ ಮಗುವಿನ ಬಾಯಿಗೆ ಬಂದಿದ್ದ ನಾಲ್ಕು ಮಾತೂ ಹೋಗುತ್ತಿತ್ತು. ಇನ್ನು ನಾಲ್ಕು ದಿನಕ್ಕೆ ಅಮ್ಮ ಹೊರಡುವವಳು. ಪಟದಿಂದ ಹೂವನ್ನು ಮೆಲ್ಲಗೆ ಎಗರಿಸೋಣ ಎಂದು ಎರಡು ಸಲ ಹೋದೆ. ಅಮ್ಮ ಉಪವಾಸ, ಪಟದ ಮುಂದೆ ಮಣೆ ಹಾಕಿಕೊಂಡು ಪಾರಾಯಣಕ್ಕೆ ಕೂತವಳು ಏಳಲೇ ಇಲ್ಲ. ಮೂರನೆಯ ಸಲ ಹೋದಾಗ ಪುಸ್ತಕದಿಂದ ಕಣ್ಣು ತೆಗೆಯದೆ, "ಏನೋ, ಇವತ್ತು ಇದ್ದಕ್ಕಿದ್ದ ಹಾಗೆ ಭಕ್ತಿ ಉಕ್ಕಿದೆ?" ಎಂದಳು. ಜಾಗ ಖಾಲಿ ಮಾಡಿದೆ.

ಸಂಜೆ ಪಾರ್ಕಿನಲ್ಲಿ ಜನ ಸೇರಿದರು. ಸ್ಟೀಲಿನ ಡ್ರಮ್ಮಿನಲ್ಲಿ ಪಾನಕ, ದೊಡ್ಡ ಪಾತ್ರೆಯಲ್ಲಿ ಕೋಸಂಬರಿ. ಅಮ್ಮನಿಗೆ ಮುಂದೆ ಒಂದು ಕುರ್ಚಿ, ಪಕ್ಕದಲ್ಲಿ ನಾನು. ಮಕ್ಕಳು ಒಬ್ಬೊಬ್ಬರಾಗಿ ಎದ್ದರು. ಪ್ರಜ್ವಲ್ ಖಾಲಿ ಕುಂಡ ಎತ್ತಿ ತೋರಿಸಿ, "ಇದು ನನ್ನ ಚಿಕ್ಕಪ್ಪ. ಚಿಕ್ಕಪ್ಪ ಸತ್ತುಹೋದರು. ನಮಸ್ಕಾರ," ಎಂದು ಕೂತ. ಅವನ ನಿಜವಾದ ಚಿಕ್ಕಪ್ಪ ಹಿಂದಿನ ಸಾಲಿನಲ್ಲಿ ಪಾನಕ ಕುಡಿಯುತ್ತಿದ್ದವರು ಕೆಮ್ಮಿದರು. ಆಮೇಲೆ ಮುತ್ತಮ್ಮನವರು "ನಿಧಿ" ಎಂದು ಕರೆದರು. ನಾನು ಬೇಡ ಎಂದು ಸನ್ನೆ ಮಾಡಿದ್ದು ಅವರಿಗೆ ಕಾಣಲಿಲ್ಲ.

ನಿಧಿ ಕುಂಡ ಹಿಡಿದು ಎದ್ದಳು. ತುದಿ ಇಲ್ಲದ ದಂಟು. ಅವಳು ಅದನ್ನೇ ನೋಡುತ್ತ ನಿಂತಳು. ಹಿಂದೆ ಯಾವುದೋ ಮಗು ಕಿಸಕ್ಕೆಂದಿತು. ಅವಳು ಕುಂಡವನ್ನು ಎದೆಗೆ ಒತ್ತಿಕೊಂಡಳು. ಸಾಕು, ಬಂದುಬಿಡು ಮಗಳೇ ಎಂದು ಎದ್ದೇ ಬಿಡುವವನಿದ್ದೆ. ಅಷ್ಟರಲ್ಲಿ ಅವಳು ಶುರು ಮಾಡಿದಳು.

"ಇದು ನನ್ನ ಗಿಡ. ನಾನು ರೋಜ್ ನೀರು ಹಾಕಿದೆ. ಅಜ್ಜಿ ಕೂಡ ಹಾಕಿದ್ರು. ಇದಕ್ಕೆ ಟೋಪಿ ಇತ್ತು. ಟೋಪಿ ಹರಿದುಹೋಯ್ತು. ಒಳಗೆ ಛೋಟೇ ಛೋಟೇ ಸ್ಟಾರ್ ಇತ್ತು, ತುಂಬಾ ಇತ್ತು. ಬಾಲ್ ಥರ ಹೂವು ಆಯ್ತು. ಇವತ್ತು ಹೂವು ಇಲ್ಲ. ಅಜ್ಜಿ ದೇವರಿಗೆ ಇಟ್ರು."

ಅಭ್ಯಾಸಬಲದಿಂದ ನಾನು ಅಮ್ಮನ ಕಿವಿಯ ಕಡೆ ಬಾಗಿದೆ, ಅನುವಾದಿಸಲು. ಅಮ್ಮ ನನ್ನ ಮುಖವನ್ನು ಅಂಗೈಯಿಂದ ಆಚೆ ತಳ್ಳಿದಳು. "ಸುಮ್ನಿರೋ. ಕೇಳಿಸ್ತಿದೆ ನನಗೆ."

"ಅಜ್ಜಿಗೆ ಗೊತ್ತಿಲ್ಲ, ಇದು ಈರುಳ್ಳಿ ಹೂವು ಅಂತ," ಎಂದಳು ನಿಧಿ. "ಅಜ್ಜಿ ಈರುಳ್ಳಿ ತಿನ್ನಲ್ಲ. ಅದಕ್ಕೆ ಅಜ್ಜಿ ಗಿಡ ನೋಡೇ ಇಲ್ಲ. ಮಮ್ಮಿ ಹೇಳ್ಬೇಡ ಅಂದ್ರು. ಆದ್ರೆ ನನಗೆ ಕನ್ನಡದಲ್ಲಿ ಬೇರೆ ಏನೂ ಹೇಳಕ್ಕೆ ಬರಲ್ಲ."

ಕುಂಡ ಕೆಳಗಿಟ್ಟು ಅವಳು ಅಳತೊಡಗಿದಳು. ವಸುಧಾ ನೆಲ ನೋಡುತ್ತಿದ್ದಳು. ಮುತ್ತಮ್ಮನವರು ಮೊದಲ ಸಲ ಏನು ಆಜ್ಞೆ ಕೊಡಬೇಕೆಂದು ತಿಳಿಯದೆ ನಿಂತಿದ್ದರು. ನಾನು ಅಮ್ಮನ ಮುಖ ನೋಡುವ ಧೈರ್ಯ ಮಾಡಲಿಲ್ಲ. ಪಕ್ಕದ ಕುರ್ಚಿ ಕಿರ್ ಎಂದಿತು. ಅಮ್ಮ ಎದ್ದು, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ನಡೆದು ಹೋಗಿ ನಿಧಿಯ ಮುಂದೆ ನಿಂತಳು.

"ಇಷ್ಟೊಂದು ಕನ್ನಡ ಯಾವಾಗ ಕಲಿತೆಯೇ, ಪುಟ್ಟಿ?" ಎಂದಳು.

ಅಷ್ಟೇ. ಎಲ್ಲರೂ ಒಟ್ಟಿಗೆ ಮಾತಾಡಲು ಶುರುಮಾಡಿದರು, ಪ್ರಜ್ವಲ್ ಎರಡನೆಯ ಸಲ ಕೋಸಂಬರಿ ಕೇಳಿದ, ಮುತ್ತಮ್ಮನವರು ಕಣ್ಣೊರೆಸಿಕೊಂಡು ಯಾರನ್ನೋ ಗದರಿದರು. ನನಗಾದ ಸಂತೋಷವನ್ನು ಹೇಗೆ ಹೇಳಲಿ, ಐದು ಲೋಟ ಪಾನಕ ಕುಡಿದೆ.

ಹಾಗೆಂದು ಅಮ್ಮ ತನ್ನ ನೇಮ ಬಿಟ್ಟುಬಿಟ್ಟಳು ಎಂದುಕೊಳ್ಳಬೇಡಿ. ಮನೆಗೆ ಬಂದವಳೇ ಇನ್ನೊಮ್ಮೆ ತಲೆಗೆ ಸ್ನಾನ ಮಾಡಿದಳು. ಪಟವನ್ನು ಇಳಿಸಿ ಒದ್ದೆ ಬಟ್ಟೆಯಿಂದ ಒರೆಸಿದಳು. ಹೂವನ್ನು ಹಳೆಯ ಪೇಪರಿನ ಚೂರಿನಲ್ಲಿ ಹಿಡಿದು ಒಯ್ದು ಬಾಲ್ಕನಿಯ ಕುಂಡದಲ್ಲಿಟ್ಟಳು, ಕಸದ ಬುಟ್ಟಿಗೆ ಹಾಕಲಿಲ್ಲ. ಉಪವಾಸ ಮುರಿಯುವ ಹೊತ್ತಾದರೂ ಹಣ್ಣನ್ನು ಕೂಡ ಮುಟ್ಟಲಿಲ್ಲ. "ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಲ್ಲೋ, ಲಿಲ್ಲಿಯಂತೆ ಲಿಲ್ಲಿ," ಎಂದು ನನಗೆ ಸರಿಯಾಗಿ ಮಂಗಳಾರತಿಯೂ ಆಯಿತು. ದೀಪ ಹಚ್ಚಿ, ಪಟದ ಮುಂದೆ ಮಣೆ ಹಾಕಿಕೊಂಡು, ಕಣ್ಣು ಮುಚ್ಚಿ ಕೂತಳು.

ನಿಧಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದಳು. ಒಂದೊಂದು ಹೆಜ್ಜೆ ಮುಂದಿಟ್ಟು, ಮಣೆಯಿಂದ ಅಷ್ಟು ದೂರದಲ್ಲಿ ನಿಂತಳು. ನನ್ನ ಕಡೆ ತಿರುಗಿ ನೋಡಲಿಲ್ಲ.

"ಅಜ್ಜಿ, ದೇವರಿಗೆ ಕೋಪ ಬಂತಾ?"

ಅಮ್ಮ ಕಣ್ಣು ತೆರೆದಳು. ಮಣೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ದೇವರ ಹತ್ರ ನಾನು ಮಾತಾಡ್ಕೋತೀನಿ ಕಣೇ. ನೀನು ಬಾ ಇಲ್ಲಿ, ನನ್ನ ಹತ್ರ ಮಾತಾಡು."